ಕಿತ್ತಳೆ ಬಣ್ಣದ ಲೇಸರ್ ತಗೊಂಡು ಟೆಸ್ಟ್ ಮಾಡಿದ ನನ್ನ ಅನುಭವ

ನಾನು ಬದಿಯಡ್ಕದ ಹತ್ತಿರ ಕನ್ನಡ ಮೀಡಿಯಂ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವ. ಕೆಂಪು, ಹಸಿರು ಪಾಯಿಂಟರ್ ಕಾಸರಗೋಡು ಪೇಟೆಯಲ್ಲೂ ಸಿಗ್ತದೆ, ಆದ್ರೆ ಅವೆರಡರ ಮಧ್ಯದ ಬಣ್ಣವೂ ಒಂದಿದ್ರೆ ತರಂಗದೂರ (ವೇವ್‌ಲೆಂತ್) ಹೆಚ್ಚಾದ ಹಾಗೆ ಸೀಡಿಯಂಥ ಗೆರೆಗಳಿಂದ ಚದುರಿ ಗೋಡೆಗೆ ಬೀಳುವ ಚುಕ್ಕೆ ದೂರ ಸರಿಯುವುದು ಮಕ್ಕಳಿಗೆ ಕಣ್ಣಾರೆ ಕಾಣ್ತದೆ ಅಂತ 593.5 ನ್ಯಾನೋಮೀಟರಿನ ಕಿತ್ತಳೆ ಲೇಸರನ್ನು ಹುಡುಕಿ ಆನ್‌ಲೈನಲ್ಲಿ ತರಿಸಿದೆ.

ರೇಟು ಜಾಸ್ತಿ, ಅದಕ್ಕೆ ಕಾರಣ ಉಂಟು. ಕೆಂಪು ಪಾಯಿಂಟರಲ್ಲಿ ಡಯೋಡೇ ನೇರ ಕೆಂಪು ಬೆಳಕು ಕೊಡ್ತದೆ. ಈ ಬಣ್ಣಕ್ಕೆ ಹಾಗಲ್ಲ, 808 ನ್ಯಾನೋಮೀಟರಿನ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನ) ಡಯೋಡ್ ಒಂದು ಹರಳಿಗೆ ಶಕ್ತಿ ಕೊಡಬೇಕು, ಆ ಹರಳು 1064 ಮತ್ತು 1342 ಎರಡನ್ನೂ ಒಟ್ಟಿಗೆ ಹೊರಡಿಸಬೇಕು, ಮತ್ತೆ ಇನ್ನೊಂದು ಹರಳಲ್ಲಿ ಅವೆರಡು ಸೇರಿ 593.5 ಆಗಬೇಕು. ಹಸಿರಿಗೆ 1064 ಒಂದೇ ಸಾಕು. ಇಲ್ಲಿ ಎರಡರಲ್ಲಿ ಯಾವುದು ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಬೆಳಕು ಕುಣಿಯಲಿಕ್ಕೆ ಶುರು.

ಮಾರುವವರ ಹತ್ರ ಮಿಲಿವ್ಯಾಟ್ ಎಷ್ಟು ಅಂತ ಕೇಳುವ ಮೊದಲು ತರಂಗದೂರದ ನಂಬರ್ ಕೇಳಿ, ಒಳಗೆ ಐಆರ್ ಅಂದ್ರೆ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಉಂಟಾ, ಎಷ್ಟು ಹೊತ್ತು ಬಿಡದೆ ಉರಿಸಬಹುದು ಅಂತ ಕೇಳಿ. 635ರ ಕೆಂಪನ್ನೇ ಕಿತ್ತಳೆ ಅಂತ ಕೊಡುವವರೂ ಇದ್ದಾರೆ ಮಾರಾಯ್ರೇ, ಬರೀ ಫೋಟೋ ನೋಡಿದ್ರೆ ಗೊತ್ತೇ ಆಗುವುದಿಲ್ಲ.

ಅದನ್ನು ಪತ್ತೆ ಮಾಡಲಿಕ್ಕೆ ಒಂದು ಹಳೇ ಸೀಡಿ ಸಾಕು. ಸೀಡಿಯ ಗೆರೆಗಳ ಮಧ್ಯೆ 1.6 ಮೈಕ್ರೋಮೀಟರ್ ಅಂತರ. ಸೀಡಿಯನ್ನು ಗೋಡೆಗೆ ಮುಖ ಮಾಡಿ 1 ಮೀಟರ್ ದೂರ ನಿಲ್ಲಿಸಿ, ಗೋಡೆ ಹತ್ರದಿಂದ ಲೇಸರನ್ನು ಸೀಡಿಯ ಬಲಪಕ್ಕಕ್ಕೆ ನೆಟ್ಟಗೆ ಬಿಟ್ರೆ ಗೋಡೆ ಮೇಲೆ ನಡುವಿನ ಚುಕ್ಕೆಯ ಆಚೀಚೆ ಒಂದೊಂದು ಚುಕ್ಕೆ ಬೀಳ್ತದೆ. 593.5 ಆದ್ರೆ ನಡುವಿನಿಂದ ಸುಮಾರು 40 ಸೆಂಟಿಮೀಟರ್, 635 ಆದ್ರೆ 43, ಸಾಮಾನ್ಯ 650ರ ಕೆಂಪಾದ್ರೆ 44 ದಾಟ್ತದೆ. ನಂದು 40ಕ್ಕೇ ಬಿತ್ತು, ಖುಷಿಯಾಯ್ತು. ಕೋಣೆ ಕತ್ತಲೆ ಮಾಡಿ ಅದೇ ಗೋಡೆಯ 58 ಸೆಂಟಿಮೀಟರ್ ಜಾಗವನ್ನು ಫೋನ್ ಕ್ಯಾಮೆರಾದಲ್ಲೂ ನೋಡಿ, ಕಣ್ಣಿಗೆ ಕಾಣದ ಚುಕ್ಕೆ ಅಲ್ಲಿ ಕಂಡ್ರೆ 808 ಸೋರ್ತಾ ಉಂಟು ಅಂತ ಅರ್ಥ. ಟಿವಿ ರಿಮೋಟಿನ ಬಲ್ಬ್ ಮಿನುಗುವುದು ಕಾಣುವ ಕ್ಯಾಮೆರಾವೇ ಬೇಕು, 1064 ಮಾತ್ರ ಫೋನಲ್ಲಿ ಸಿಗುವುದು ಕಷ್ಟ.

ಪವರ್ ಅಳೆದದ್ದು ಮಂಗಳೂರಲ್ಲಿ, ಪರಿಚಯದವರ ಲ್ಯಾಬಿನ ಥರ್ಮಲ್ ಮೀಟರಲ್ಲಿ (ಬೆಳಕಿನ ಬಿಸಿಯಿಂದ ಪವರ್ ಅಳೆಯುವಂಥದ್ದು). ಈ ಮೀಟರ್ ಇನ್‌ಫ್ರಾರೆಡ್ಡನ್ನೂ ಸೇರಿಸಿಯೇ ಲೆಕ್ಕ ಹಾಕ್ತದೆ, ಹಾಗಾಗಿ ಮುಂದೆ ಐಆರ್ ತಡೆಯುವ ಫಿಲ್ಟರ್ ಇಟ್ಟು ಇನ್ನೊಮ್ಮೆ ಅಳೀಬೇಕು. ಲೇಬಲ್ ಪ್ರಕಾರ 5 ಮಿಲಿವ್ಯಾಟ್, ಆದ್ರೆ ಆನ್ ಮಾಡಿದ ಕೂಡಲೇ 2ರ ಆಸುಪಾಸು, ಬೆಚ್ಚಗಾದ ಮೇಲೆ 5 ದಾಟಿ ಮತ್ತೆ ಇಳೀತು. ನನ್ನ ಮಟ್ಟಿಗೆ ಪೀಕ್ ನಂಬರಿಗಿಂತ ಈ ಏರಿಳಿತ ನೋಡುವುದೇ ಮುಖ್ಯ. 808 ಡಯೋಡಿನ ತರಂಗದೂರ ಒಂದು ಡಿಗ್ರಿ ಬಿಸಿ ಏರಿದ್ರೆ ಸುಮಾರು 0.3 ನ್ಯಾನೋಮೀಟರ್ ಸರೀತದೆ, ಹರಳಿಗೆ ಬೇಕಾದ್ದು ತಪ್ತದೆ. ಹಾಗಾಗಿ ಏಸಿ ರೂಮಲ್ಲಿ ತೆಗೆದ ರೀಡಿಂಗ್ ನಮ್ಮೂರಿನ ಏಪ್ರಿಲ್ ಸೆಖೆಗೆ ಲಾಗೂ ಆಗುವುದಿಲ್ಲ, ಮನೆಯಲ್ಲೂ ಕ್ಲಾಸಲ್ಲೂ ಬೇರೆಬೇರೆ ಹೊತ್ತಲ್ಲಿ ಉರಿಸಿ ನೋಡ್ಲೇಬೇಕು.

5 ಮಿಲಿವ್ಯಾಟೇ ಧಾರಾಳ ಸಾಕು, ನಮ್ಮ ಕಣ್ಣಿಗೆ ಈ ಬಣ್ಣ ಅಷ್ಟೇ ಪವರಿನ 650ರ ಕೆಂಪಿಗಿಂತ ಆರು ಪಟ್ಟಿಗೂ ಹೆಚ್ಚು ಪ್ರಖರ ಕಾಣ್ತದೆ. ಅದಕ್ಕಿಂತ ದೊಡ್ಡದು ಶಾಲೆಗೆ ತರುವುದೇ ಬೇಡ. ಮನೆಯಲ್ಲಿ ದೊಡ್ಡದು ಉಪಯೋಗಿಸುವವರು ಹಸಿರು ಲೇಸರಿನ ಕನ್ನಡಕ ನಂಬಬೇಡಿ, ಅವುಗಳಲ್ಲಿ ಹೆಚ್ಚಿನವು 593ನ್ನು ಹಾಗೇ ಒಳಗೆ ಬಿಡ್ತವೆ, 593 ಮತ್ತು ಇನ್‌ಫ್ರಾರೆಡ್ ಎರಡಕ್ಕೂ ಓಡಿ ರೇಟಿಂಗ್ (ಎಷ್ಟು ಬೆಳಕು ತಡೀತದೆ ಅನ್ನುವ ನಂಬರ್) ಬರೆದದ್ದನ್ನೇ ತಗೊಳ್ಳಿ.