ಎರಡು ಸಲ ಒಡೆದ ಕ್ಯಾಪ್, ಮತ್ತು ನಾನು ಅಳೆದ ಕಚ್ಚುವ ಬಲ

ಚನ್ನಗಿರಿ ಕಡೆಯ ಒಬ್ಬ ಅಡಿಕೆ ಬೆಳೆಗಾರರಿಗೆ ಕೆಳದವಡೆಯಲ್ಲಿ ಇಂಪ್ಲಾಂಟ್, ಅಂದರೆ ಬೇರಿನ ಬದಲು ಎಲುಬಿನಲ್ಲೇ ಕೂರುವ ಲೋಹದ ತಿರುಪು ಹಾಕಿ, ಅದರ ಮೇಲೆ ಪಿಂಗಾಣಿ ಕ್ಯಾಪ್ ಕೂರಿಸಿದ್ದೆ. ಎಂಟು ತಿಂಗಳಿಗೆ ಕ್ಯಾಪಿನ ಮೂಲೆ ಚಕ್ಕೆ ಎದ್ದಿತು. ಬೇರೆ ಮಾಡಿಸಿ ಹಾಕಿದೆ. ಐದು ತಿಂಗಳಿಗೆ ಮತ್ತೆ ಅದೇ ಮೂಲೆ ಹೋಯಿತು. "ನಾನೇನು ಕಲ್ಲು ತಿಂತೀನಾ ಡಾಕ್ಟ್ರೇ?" ಅಂತ ಕೇಳಿದರು. ಅವರು ಎಷ್ಟು ಬಲವಾಗಿ ಕಚ್ಚುತ್ತಾರೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಆದರೂ ಆ ಬಲ ತಾಳಬೇಕಾದ ಹಲ್ಲು ಮಾಡಿ ಕೊಡುತ್ತಿದ್ದೆ. ಇದು ಸರಿಯಲ್ಲ, ಅಳೆದೇ ನೋಡಬೇಕು ಅನ್ನಿಸಿತು.

ಹೊರದೇಶದಿಂದ ತರಿಸುವ ಮಾಪಕಕ್ಕೆ ಬೆಲೆ ಜಾಸ್ತಿ. ಹಾಗಾಗಿ ಎಂಜಿನಿಯರಿಂಗ್ ಪಾಠ ಮಾಡುವ ಗೆಳೆಯನ ಹತ್ತಿರ ಹೋದೆ. ಎರಡು ಸ್ಟೀಲ್ ಪಟ್ಟಿಗಳನ್ನು ಒಂದು ತುದಿಯಲ್ಲಿ ಬಿಗಿದೆವು. ಇನ್ನೊಂದು ತುದಿ ಚಿಮಟದ ಬಾಯಿಯ ಹಾಗೆ ತೆರೆದಿತ್ತು. ಬುಡದ ಹತ್ತಿರ ನಾಲ್ಕು ಸ್ಟ್ರೈನ್ ಗೇಜ್ ಅಂಟಿಸಿದೆವು. ಪಟ್ಟಿ ಬಾಗಿದಾಗ ಈ ಗೇಜ್ ಕೂಡ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಆಗ ಅದರ ವಿದ್ಯುತ್ ರೋಧ ಒಂಚೂರು ಬದಲಾಗುತ್ತದೆ. ನಾಲ್ಕನ್ನೂ ವೀಟ್‌ಸ್ಟನ್ ಬ್ರಿಜ್ ಅನ್ನುವ ಚೌಕದ ಸರ್ಕ್ಯೂಟ್ ಆಗಿ ಜೋಡಿಸಿದರೆ ಬಾಯಿಯ ಬಿಸಿಯಿಂದ ಬರುವ ತಪ್ಪು ಬಹುಪಾಲು ಕಳೆದುಹೋಗುತ್ತದೆ. ಆಮೇಲೆ ಆ ಸಣ್ಣ ಬದಲಾವಣೆಯನ್ನು ಹಿಗ್ಗಿಸಿ ಅಂಕಿಯಾಗಿಸುವ ಒಂದು ಎಚ್‌ಎಕ್ಸ್ 711 ಚಿಪ್, ಅದನ್ನು ಓದಲು ಆರ್ಡುಯಿನೊ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್. ದಿನಸಿ ಅಂಗಡಿಯಿಂದ 5, 10, 20 ಕಿಲೋ ತೂಕದ ಕಲ್ಲು ಎರವಲು ತಂದು, ಒಂದೊಂದಾಗಿ ತೂಗುಹಾಕಿ ಅಂಕಿ ಗುರುತು ಮಾಡಿಕೊಂಡೆವು.

ಮೊದಲು ಕಚ್ಚಿದ್ದು ನಾನೇ. ಒಂದೇ ಹಲ್ಲಿನಲ್ಲಿ ಒಂದು ಸಲ 31 ಕಿಲೋ, ಇನ್ನೊಂದು ಸಲ 44. ಎರಡು ದಿನ ಸೋಲ್ಡರಿಂಗ್ ಸರಿಯಿಲ್ಲ ಅಂತಲೇ ಹುಡುಕಿದೆವು. ತಪ್ಪು ಅಲ್ಲಿರಲಿಲ್ಲ. ಕೊಂಬೆಯ ತುದಿಗೆ ಜೋತುಬಿದ್ದರೆ ಜಾಸ್ತಿ ಬಾಗುತ್ತದೆ, ಬುಡದ ಹತ್ತಿರ ಜೋತುಬಿದ್ದರೆ ಕಮ್ಮಿ, ಅಲ್ವಾ? ನಮ್ಮ ಪಟ್ಟಿಯೂ ಹಾಗೇ. ಗೇಜ್‌ನಿಂದ 40 ಮಿಲಿಮೀಟರ್ ದೂರ ಕಚ್ಚುವ ಬದಲು 30ಕ್ಕೆ ಕಚ್ಚಿದರೆ ಅಂಕಿ ಕಾಲು ಭಾಗ ಇಳಿಯುತ್ತದೆ. ಪಟ್ಟಿಯ ತುದಿಯಲ್ಲಿ ಎತ್ತರದ ಸಣ್ಣ ದಿಂಬು ಕೂರಿಸಿ, ಅಲ್ಲಿ ಮಾತ್ರ ಕಚ್ಚುವ ಹಾಗೆ ಮಾಡಿದ ಮೇಲೆ ಅಂಕಿ ನಿಂತಿತು.

ಇನ್ನೊಂದು ವಿಷಯ ಹೆದರಿಕೆ. ಬರೀ ಸ್ಟೀಲ್ ಕಚ್ಚಿ ಅಂದರೆ ಯಾರೂ ಪೂರ್ತಿ ಬಲ ಹಾಕುವುದಿಲ್ಲ. ದಿಂಬಿನ ಮೇಲೆ ಗಟ್ಟಿ ಸಿಲಿಕೋನ್ ಪದರ ಹಾಕಿದೆ, ಒಬ್ಬೊಬ್ಬರಿಗೂ ಹೊಸ ಗ್ಲೌಸಿನ ಬೆರಳು ತೊಡಿಸಿದೆ. ನನ್ನದೇ ಅಂಕಿ ಹತ್ತು ಕಿಲೋ ಮೇಲೇರಿತು. ಹಾಗಾದರೆ ಮೊದಲು ಅಳೆದದ್ದರಲ್ಲಿ ನನ್ನ ಅಂಜಿಕೆಯೂ ಸೇರಿತ್ತು.

ಕೊನೆಗೆ ನನ್ನ ದವಡೆ ಹಲ್ಲಿನಲ್ಲಿ 55 ಕಿಲೋ ಆಸುಪಾಸು ಬಂತು, ಮುಂದಿನ ಬಾಚಿ ಹಲ್ಲಿನಲ್ಲಿ 15. ಆರೋಗ್ಯವಂತರಲ್ಲಿ ಒಂದು ಬದಿಯ ದವಡೆ ಹಲ್ಲಿಗೆ ಸಾಮಾನ್ಯವಾಗಿ 500ರಿಂದ 700 ನ್ಯೂಟನ್, ಅಂದರೆ 50ರಿಂದ 70 ಕಿಲೋ ಹೇಳುತ್ತಾರೆ. ಅಡಕತ್ತರಿಯಲ್ಲಿ ಅಡಿಕೆಯನ್ನು ಕೀಲಿನ ಹತ್ತಿರ ಇಟ್ಟರೆ ಸಲೀಸಾಗಿ ಕತ್ತರಿಸುತ್ತದೆ. ದವಡೆಯ ಕೀಲು ಕಿವಿಯ ಮುಂದಿದೆ, ಹಿಂದಿನ ಹಲ್ಲು ಅದಕ್ಕೆ ಹತ್ತಿರ. ಇಟಲಿಯ ವಿಜ್ಞಾನಿ ಬೊರೆಲ್ಲಿ 17ನೇ ಶತಮಾನದಲ್ಲೇ ದವಡೆ ಹಲ್ಲಿನ ಮೇಲೆ ಹಗ್ಗ ಹಾಯಿಸಿ, ತೂಕ ಕಟ್ಟಿ ಕಚ್ಚುವ ಬಲ ಅಳೆದಿದ್ದರು. ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

ಹಲ್ಲುಸೆಟ್ ಹಾಕಿಕೊಂಡ ಒಬ್ಬ ಅಜ್ಜಿಗೂ ಕಚ್ಚಿಸಿದೆ. ಆರು ಕಿಲೋ ದಾಟಲಿಲ್ಲ, ಅಷ್ಟರಲ್ಲೇ "ವಸಡು ನೋಯ್ತದಪ್ಪ" ಅಂದರು. ಸ್ವಂತ ಹಲ್ಲುಗಳ ಬೇರಿನ ಸುತ್ತ ಭಾರ ಹೊರುವ ಜಾಗ ಒಂದು ದವಡೆಗೆ ಸುಮಾರು 45 ಚದರ ಸೆಂಟಿಮೀಟರ್. ಕೆಳಗಿನ ಸೆಟ್ ಕೂರುವ ಜಾಗ ಬರೀ 12. ಅದೂ ಎಲುಬಿನ ಮೇಲಿನ ತೆಳು ವಸಡು. ಚಕ್ಕುಲಿ ತಿನ್ನಕ್ಕಾಗಲ್ಲ ಅಂತ ಅವರು ಹೇಳಿದಾಗೆಲ್ಲ "ಸುಮ್ನೆ ಅಭ್ಯಾಸ ಮಾಡ್ಕೊಳ್ಳಿ" ಅನ್ನುತ್ತಿದ್ದೆ. ಈಗ ಆ ಮಾತು ಬಾಯಿಗೆ ಬರುವುದಿಲ್ಲ.

ಕೊನೆಗೆ ನಮ್ಮ ಬೆಳೆಗಾರರು ಬಂದರು. ಸ್ವಂತ ಹಲ್ಲಿನ ಬದಿಯಲ್ಲಿ 78 ಕಿಲೋ, ಇಂಪ್ಲಾಂಟ್ ಬದಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ. ಉತ್ತರ ಸಿಕ್ಕಿತು ಅಂದುಕೊಂಡೆ. ಮನೆಗೆ ಹೋಗುವಾಗ ಹೊಳೆಯಿತು: ಬಲವೇ ಕಾರಣವಾದರೆ ಇನ್ನೊಂದು ಬದಿಯ ಹಲ್ಲು ಯಾಕೆ ಒಡೆದಿಲ್ಲ? ನನ್ನ ಮಾಪಕ ಒಂದು ಜೋಡಿ ಹಲ್ಲಿನ ಲೆಕ್ಕ ಹೇಳುತ್ತದೆ. ಎಲ್ಲ ಹಲ್ಲೂ ಒಟ್ಟಿಗೆ ಕಚ್ಚಿದಾಗ ಯಾವುದಕ್ಕೆ ಎಷ್ಟು ಪಾಲು ಅನ್ನುವುದನ್ನು ಅದು ಹೇಳುವುದೇ ಇಲ್ಲ.

ಸ್ವಂತ ಹಲ್ಲು ಎಲುಬಿಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಅಲ್ಲಿನ ನಾರುಗಳು ಹಲ್ಲನ್ನು ಜೋಲಿಯ ಹಾಗೆ ಹಿಡಿದಿರುತ್ತವೆ. ಭಾರ ಬಿದ್ದಾಗ ಹಲ್ಲು 25ರಿಂದ 100 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕೆಳಗಿಳಿಯುತ್ತದೆ. ನಾರು ಎಳೆದು ಆ ಭಾರವನ್ನು ಎಲುಬಿಗೆ ಹಂಚುತ್ತದೆ. ಅಲ್ಲಿನ ನರಗಳು ತಕ್ಷಣ ಸುದ್ದಿಯನ್ನೂ ಕೊಡುತ್ತವೆ. ಅನ್ನದಲ್ಲಿ ಕಲ್ಲು ಸಿಕ್ಕರೆ ನಾವು ಯೋಚಿಸುವ ಮೊದಲೇ ದವಡೆ ನಿಲ್ಲುವುದರಲ್ಲಿ ಅವುಗಳ ಪಾಲು ದೊಡ್ಡದು. ಇಂಪ್ಲಾಂಟಿಗೆ ಈ ಪದರ ಇಲ್ಲ. ಅದು ಇಳಿಯುವುದು 3ರಿಂದ 5 ಮೈಕ್ರಾನ್ ಮಾತ್ರ.

ನಾನು ಕ್ಯಾಪನ್ನು ಅಕ್ಕಪಕ್ಕದ ಹಲ್ಲಿಗೆ ಸರಿಸಮ ಕೂರಿಸಿದ್ದೆ. ಅವರು ಬಿಗಿಯಾಗಿ ಕಚ್ಚಿದಾಗ ಪಕ್ಕದವು ಇಳಿದವು, ಇದು ಇಳಿಯಲಿಲ್ಲ. ಭಾರ ಪೂರ್ತಿ ಆ ಮೂಲೆಯ ಮೇಲೆ ಬಿತ್ತು. ಲ್ಯಾಬಿನವರ ತಪ್ಪು ಅಂದುಕೊಂಡಿದ್ದೆ, ತಪ್ಪು ನನ್ನ ಕೂರಿಸುವಿಕೆಯಲ್ಲಿತ್ತು.

ಮೂರನೇ ಕ್ಯಾಪಿಗೂ ಎದುರಿನ ಹಲ್ಲಿಗೂ ನಡುವೆ 8 ಮೈಕ್ರಾನ್ ದಪ್ಪದ ಹಾಳೆ ಇಟ್ಟು ನೋಡಿದೆ. ಮೆಲ್ಲಗೆ ಕಚ್ಚಿದಾಗ ಹಾಳೆ ಸಲೀಸಾಗಿ ಜಾರಬೇಕು, ಬಿಗಿಯಾಗಿ ಕಚ್ಚಿದಾಗ ಹಿಡಿಯಬೇಕು. ಅಲ್ಲಿಯವರೆಗೆ ಕ್ಯಾಪನ್ನು ಉಜ್ಜಿದೆ. "ಹಲ್ಲು ತಾಗ್ತಾನೇ ಇಲ್ವಲ್ಲ" ಅಂದರು. ಬಿಗಿಯಾಗಿ ಕಚ್ಚಿ ಅಂದೆ. "ಹಾಂ, ಈಗ ತಾಗ್ತು."

ಅದಾಗಿ ಎರಡು ವರ್ಷ. ಆರು ತಿಂಗಳಿಗೊಮ್ಮೆ ಕರೆಸಿ ಅದೇ ಹಾಳೆ ಇಟ್ಟು ನೋಡುತ್ತೇನೆ. ಕಳೆದ ಸಲ ಮೆಲ್ಲಗೆ ಕಚ್ಚಿದಾಗಲೇ ಹಾಳೆ ಹಿಡಿಯಿತು. ಎದುರಿನ ಮೇಲಿನ ಹಲ್ಲು ಒಂಚೂರು ಕ್ಯಾಪಿನ ಕಡೆಗೆ ಕೆಳಕ್ಕೆ ಬಂದಿತ್ತು. ಮತ್ತೆ ಸ್ವಲ್ಪ ಉಜ್ಜಿ, ಹೊಳಪು ಕೊಟ್ಟು ಕಳಿಸಿದೆ.