ಅಪಾರ್ಟ್‌ಮೆಂಟ್ ಮಹಾಸಭೆ ಜಗಳವಿಲ್ಲದೆ ನಡೆಸುವುದು ಹೇಗೆ?

ನಮ್ಮ ಅಪಾರ್ಟ್‌ಮೆಂಟಿನ ವಾರ್ಷಿಕ ಮಹಾಸಭೆ ಒಂದು ವರ್ಷ ಮೂರೂವರೆ ಗಂಟೆ ನಡೆದರೂ ಲೆಕ್ಕಪತ್ರ ಪಾಸಾಗಲಿಲ್ಲ. ಎಲ್ಲ ಕೆಟ್ಟಿದ್ದು ಒಂದೇ ಸಾಲಿನಿಂದ: ‘ನೀರಿನ ಟ್ಯಾಂಕರ್, 11,52,000 ರೂಪಾಯಿ.’

ಮೊದಲು ಬೈಲಾ, ಅಂದರೆ ಸಂಘದ ನಿಯಮಾವಳಿ ತೆಗೆದು ಓದಿ. ನೋಟಿಸ್ ಎಷ್ಟು ದಿನ ಮುಂಚೆ ಕೊಡಬೇಕು, ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಾತಿ) ಎಷ್ಟು, ಪ್ರಾಕ್ಸಿ (ಬಾರದವರ ಪರವಾಗಿ ಬೇರೆಯವರು ಓಟು ಹಾಕುವುದು) ನಡೆಯುತ್ತಾ ಎಲ್ಲ ಅದರಲ್ಲೇ ಇರುತ್ತದೆ. ಕೋರಂ ಆಗದಿದ್ದರೆ ಅರ್ಧ ಗಂಟೆ ಬಿಟ್ಟು ಮತ್ತೆ ಸೇರಲು ಅವಕಾಶವಿದ್ದರೆ, ಆ ಸಮಯವನ್ನೂ ನೋಟಿಸಿನಲ್ಲೇ ಹಾಕಿಬಿಡಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಟ್ಟುಕೊಳ್ಳಿ, ಸಂಜೆ ಬೇಡವೇ ಬೇಡ.

ಈಗ ಲೆಕ್ಕ. ಆಡಿಟರ್ ಕೊಟ್ಟ ಹಾಳೆಯನ್ನು ಹಾಗೇ ಹಂಚಬೇಡಿ. ಜೊತೆಗೆ ಒಂದು ಪುಟದಲ್ಲಿ ಪ್ರತಿ ಖರ್ಚನ್ನೂ ಮನೆಗಿಷ್ಟು, ತಿಂಗಳಿಗಿಷ್ಟು ಎಂದು ಒಡೆದು ಬರೆಯಿರಿ. ನಮ್ಮದು 48 ಮನೆ. ಆ 11,52,000 ಅಂದರೆ ಮನೆಗೆ ತಿಂಗಳಿಗೆ 2,000. ಹೀಗೆ ಬರೆದಿದ್ದರೆ ಯಾರೂ ‘ದುಡ್ಡು ಎಲ್ಲಿ ಹೋಯ್ತು’ ಎಂದು ಎದ್ದು ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ಹಿಂದಿನ ವರ್ಷದ ಮೊತ್ತ, ಏರಿದ್ದರೆ ಒಂದು ಸಾಲಿನ ಕಾರಣ: ‘ಏಪ್ರಿಲ್‌ನಲ್ಲಿ ಬೋರ್‌ವೆಲ್ ಬತ್ತಿತು.’ ಇದು ನೋಟಿಸ್ ಜೊತೆಗೇ ಪ್ರತಿ ಮನೆ ಬಾಗಿಲಿಗೆ ಹೋಗಲಿ. ಸಭೆಗೆ ಮುಂಚಿನ ಶನಿವಾರ ಖಜಾಂಚಿ ಬಿಲ್ ಫೈಲ್ ಇಟ್ಟುಕೊಂಡು ಎರಡು ಗಂಟೆ ಕೂರಲಿ. ಅನುಮಾನ ಇರುವವರು ಬಂದು ಬಿಲ್ ನೋಡಿಕೊಂಡು ಹೋಗುತ್ತಾರೆ.

ಮೇಂಟೆನೆನ್ಸ್ ಏರಿಸುವುದಿದ್ದರೆ ಜಿಎಸ್‌ಟಿ ಮರೆಯಬೇಡಿ. ಮನೆಗೆ ತಿಂಗಳಿಗೆ 7,500 ದಾಟಿ, ಸಂಘದ ವರ್ಷದ ವಹಿವಾಟು 20 ಲಕ್ಷ ಮೀರಿದರೆ ಶೇ 18ರಷ್ಟು ತೆರಿಗೆ ಬೀಳುತ್ತದೆ. ಏರಿಕೆಯನ್ನು ವಾಟ್ಸ್‌ಆ್ಯಪ್ ಪೋಲ್‌ನಲ್ಲಿ ಮುಗಿಸಿಬಿಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಗ್ರೂಪಿನಲ್ಲಿ ಬಾಡಿಗೆಯವರೂ ಇರುತ್ತಾರೆ, ಒಂದೇ ಮನೆಯಿಂದ ಮೂರು ಓಟು ಬೀಳುತ್ತದೆ.

ಅಗ್ಗದ ಬ್ಲೂಟೂತ್ ಮೈಕನ್ನಂತೂ ತರಬೇಡಿ, ಹಿಂದಿನ ಸಾಲಿಗೆ ಬರೀ ಕರ್ರ್ ಅನ್ನುತ್ತದೆ. ಶಾಮಿಯಾನದವರಿಂದ ವೈರ್ ಇರುವ ಮೈಕ್ ಬಾಡಿಗೆಗೆ ತನ್ನಿ. ಒಬ್ಬರಿಗೆ ಎರಡು ನಿಮಿಷ, ಅಧ್ಯಕ್ಷರಿಗೂ ಅಷ್ಟೇ.

ಪ್ರತಿ ನಿರ್ಣಯಕ್ಕೂ ಸೂಚಕರು, ಅನುಮೋದಕರು ಯಾರೆಂದು ಅಲ್ಲೇ ಬರೆದುಕೊಳ್ಳಿ. ನಡಾವಳಿ ಎರಡೇ ದಿನದಲ್ಲಿ ನೋಟಿಸ್ ಬೋರ್ಡಿಗೆ ಬರಲಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇರುವ ಸಂಘವಾದರೆ, ಸಭೆಯಾದ 14 ದಿನದೊಳಗೆ ಹೊಸ ಸಮಿತಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಿ, ಸ್ವೀಕೃತಿ ಪಡೆದು ಫೈಲಿಗೆ ಹಾಕಿ.