ಐಎಸ್‌ಎಲ್ ಸೀಸನ್ನಿನ ಲೆಕ್ಕ ಬರೆದಿಡುವುದು ಹೇಗೆ: 2018–19ರ ಅಂಕಪಟ್ಟಿಯನ್ನೇ ಮುಂದಿಟ್ಟುಕೊಂಡು

2018–19ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್‌ನ ಲೀಗ್ ಹಂತ ಮುಗಿದಾಗ ಬೆಂಗಳೂರು ಎಫ್‌ಸಿ ಮತ್ತು ಎಫ್‌ಸಿ ಗೋವಾ ಎರಡಕ್ಕೂ 34 ಅಂಕ. ಇಬ್ಬರದೂ 10 ಗೆಲುವು, 4 ಡ್ರಾ, 4 ಸೋಲು. ಗೋಲು ವ್ಯತ್ಯಾಸ (ಹೊಡೆದ ಗೋಲಿನಿಂದ ಬಿಟ್ಟುಕೊಟ್ಟದ್ದನ್ನು ಕಳೆದದ್ದು) ಮಾತ್ರ ಗೋವಾದ್ದು +16, ಬೆಂಗಳೂರಿನದ್ದು +7. ಆದರೂ ಮೊದಲ ಸ್ಥಾನ ಬೆಂಗಳೂರಿಗೇ ಸಿಕ್ಕಿತು. ಅಂಕಪಟ್ಟಿಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಇದಕ್ಕೆ ಕಾರಣ ಕಾಣುವುದಿಲ್ಲ, ಏಕೆಂದರೆ ಕಾರಣ ಇರುವುದು ಪಟ್ಟಿಯ ಹಿಂದಿನ ಪಂದ್ಯಗಳಲ್ಲಿ. ಒಂದು ಸೀಸನ್ನನ್ನು ನಿಜವಾಗಿ ಹಿಂಬಾಲಿಸಬೇಕೆಂದರೆ ಯಾರು ಯಾರ ಎದುರು ಎಲ್ಲಿ ಏನು ಮಾಡಿದರು ಎಂಬುದು ಒಂದೇ ಪುಟದಲ್ಲಿ ಕಾಣುವಂತೆ ಬರೆದಿಡಬೇಕು. ಅದಕ್ಕೆ ಚೌಕಳಿ ಹಾಳೆಯ ಒಂದು ಲಾಂಗ್ ಬುಕ್, ಪೆನ್ನು, ಪೆನ್ಸಿಲ್ ಸಾಕು. ಕಂಪ್ಯೂಟರಿನಲ್ಲಿ ಮಾಡುವವರಿಗೂ ಕ್ರಮ ಇದೇ.

ಗೆರೆ ಎಳೆಯುವ ಮುಂಚೆ

ಆ ಸೀಸನ್ನಿನ ನಾಲ್ಕು ಸಂಗತಿಗಳನ್ನು ಮೊದಲ ಪುಟದಲ್ಲಿ ಬರೆಯಿರಿ: ಎಷ್ಟು ಕ್ಲಬ್, ಒಬ್ಬೊಬ್ಬರಿಗೆ ಎಷ್ಟು ಪಂದ್ಯ, ಎಷ್ಟು ತಂಡ ಪ್ಲೇ-ಆಫ್‌ಗೆ (ಲೀಗ್ ಹಂತದ ನಂತರ ಕಪ್‌ಗಾಗಿ ನಡೆಯುವ ಪಂದ್ಯಗಳಿಗೆ), ಅಂಕ ಸಮವಾದರೆ ಏನು ನೋಡುತ್ತಾರೆ. ಹೋದ ವರ್ಷದ ನಿಯಮವೇ ಇರುತ್ತದೆ ಎಂದುಕೊಳ್ಳಬೇಡಿ. ಐಎಸ್‌ಎಲ್‌ನಲ್ಲಿ ಇವು ಪದೇ ಪದೇ ಬದಲಾಗಿವೆ.

ಎಲ್ಲರೂ ಎಲ್ಲರ ಎದುರು ತವರಿನಲ್ಲಿ ಒಮ್ಮೆ, ಹೊರಗೆ ಒಮ್ಮೆ ಆಡುವುದಾದರೆ ಒಟ್ಟು ಪಂದ್ಯಗಳ ಲೆಕ್ಕ ಸುಲಭ. ಕ್ಲಬ್‌ಗಳ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆಯಿಂದ ಗುಣಿಸಿ. 2018–19ರಲ್ಲಿ 10 ಕ್ಲಬ್, 90 ಪಂದ್ಯ. 2020–21ರಲ್ಲಿ 11 ಕ್ಲಬ್, 110. ಪಂಜಾಬ್ ಎಫ್‌ಸಿ ಎರಡನೇ ಹಂತದ ಐ-ಲೀಗ್‌ನಿಂದ ಬಡ್ತಿ ಪಡೆದು ಬಂದ 2023–24ರಲ್ಲಿ 132, ಮೊಹಮ್ಮಡನ್ ಸ್ಪೋರ್ಟಿಂಗ್ ಸೇರಿದ 2024–25ರಲ್ಲಿ 156. ಈ ಸಂಖ್ಯೆಯನ್ನು ಪುಟದ ಮೂಲೆಯಲ್ಲಿ ದೊಡ್ಡದಾಗಿ ಬರೆಯಿರಿ, ಕೊನೆಯಲ್ಲಿ ತಾಳೆ ನೋಡಲು ಬೇಕು.

ಕ್ಲಬ್‌ನ ಪಕ್ಕದಲ್ಲಿ ಊರಿನ ಹೆಸರು ಬರೆಯಿರಿ, ಕ್ರೀಡಾಂಗಣದ ಹೆಸರು ಬೇಡ. ಜವಾಹರಲಾಲ್ ನೆಹರೂ ಕ್ರೀಡಾಂಗಣ ಎಂದಷ್ಟೇ ಬರೆದರೆ 2018–19ರಲ್ಲಿ ಅದು ಮಡಗಾಂವ್, ಕೊಚ್ಚಿ, ಚೆನ್ನೈ, ದೆಹಲಿ ಈ ನಾಲ್ಕರಲ್ಲಿ ಯಾವುದೂ ಆಗಬಹುದು.

ಚೌಕದ ಪುಟ

ಪುಸ್ತಕದ ಎರಡು ಪುಟಗಳನ್ನು ಎದುರುಬದುರಾಗಿ ಬಿಡಿಸಿ ಅಡ್ಡಕ್ಕೆ 10, ಉದ್ದಕ್ಕೆ 10 ಮನೆಗಳನ್ನು ಎಳೆಯಿರಿ. ಎಡಬದಿಯಲ್ಲಿ ಮೇಲಿನಿಂದ ಕೆಳಕ್ಕೆ ತವರು ತಂಡಗಳು, ತಲೆಯ ಮೇಲೆ ಎಡದಿಂದ ಬಲಕ್ಕೆ ಅದೇ ಕ್ರಮದಲ್ಲಿ ಹೊರಗಿನಿಂದ ಬಂದ ತಂಡಗಳು. ತಂಡ ತನ್ನನ್ನೇ ಎದುರಿಸುವ ಓರೆ ಸಾಲಿನ ಹತ್ತು ಮನೆಗಳನ್ನು ಪೆನ್ಸಿಲಿನಿಂದ ಕಪ್ಪಾಗಿಸಿ. ಉಳಿಯುವುದು 90 ಮನೆ, ಅಂದರೆ 90 ಪಂದ್ಯ. ಎಲ್ಲ ಮನೆ ತುಂಬಿದ ದಿನ ಲೀಗ್ ಮುಗಿದಿರಬೇಕು.

ಪ್ರತಿ ಮನೆಯಲ್ಲಿ ತವರು ತಂಡದ ಗೋಲು ಮೊದಲು ಬರಬೇಕು, ಗೆದ್ದವರದ್ದಲ್ಲ. ಎಲ್ಲರೂ ಎಡವುವುದು ಇಲ್ಲೇ. "ಬೆಂಗಳೂರು 2–1ರಿಂದ ಗೋವಾವನ್ನು ಮಣಿಸಿತು" ಎಂದು ಓದಿದ ಕೈ ಹಾಗೆಯೇ 2–1 ಎಂದು ಬರೆದುಬಿಡುತ್ತದೆ. ಆದರೆ 2018ರ ನವೆಂಬರಿನ ಆ ಪಂದ್ಯ ನಡೆದದ್ದು ಗೋವಾದ ಫತೋರ್ಡಾದಲ್ಲಿ. ಗೋವಾದ ಸಾಲು, ಬೆಂಗಳೂರಿನ ಕಂಬ ಕೂಡುವ ಮನೆಯಲ್ಲಿ 1–2 ಎಂದಿರಬೇಕು. ಫೆಬ್ರವರಿಯಲ್ಲಿ ಕಂಠೀರವದಲ್ಲಿ ನಡೆದ ಮರುಪಂದ್ಯ ಬೆಂಗಳೂರಿನ ಸಾಲು, ಗೋವಾದ ಕಂಬದಲ್ಲಿ: 3–0.

ಈ ಎರಡು ಮನೆಗಳು ಓರೆ ಸಾಲಿನ ಆಚೆ ಈಚೆ ಕನ್ನಡಿಯ ಪ್ರತಿಬಿಂಬದ ಹಾಗೆ ಕೂರುತ್ತವೆ. ಒಂದರ ಮೇಲೊಂದು ಬೆರಳಿಟ್ಟರೆ ಸಾಕು, ಮೊದಲ ಪ್ಯಾರಾದ ಒಗಟು ಬಿಡುತ್ತದೆ. ಇಬ್ಬರ ನಡುವಿನ ಎರಡೂ ಪಂದ್ಯ ಬೆಂಗಳೂರಿನದು, 6 ಅಂಕಕ್ಕೆ ಸೊನ್ನೆ. ಐಎಸ್‌ಎಲ್‌ನಲ್ಲಿ ಅಂಕ ಸಮವಾದಾಗ ಮೊದಲು ಮುಖಾಮುಖಿ ನೋಡುತ್ತಾರೆ, ಒಟ್ಟಾರೆ ಗೋಲು ವ್ಯತ್ಯಾಸದ ಸರದಿ ಬರುವುದು ಆಮೇಲೆ. ಇಂಗ್ಲಿಷ್ ಪ್ರೀಮಿಯರ್ ಲೀಗ್ ನೋಡಿ ರೂಢಿಯಾದವರು ಮೊದಲು ಗೋಲು ವ್ಯತ್ಯಾಸಕ್ಕೆ ಹೋಗುತ್ತಾರೆ, ಅಲ್ಲಿ ಕ್ರಮ ಹಾಗೇ ಇದೆ. ಸ್ಪೇನಿನ ಲಾ ಲಿಗಾ ನಮ್ಮ ಐಎಸ್‌ಎಲ್‌ನಂತೆ ಮುಖಾಮುಖಿಗೆ ಮೊದಲ ಮಣೆ ಹಾಕುತ್ತದೆ.

ಕೊನೆಯ ಲೀಗ್ ಪಂದ್ಯದಲ್ಲಿ ಬೆಂಗಳೂರು ಜಮ್‌ಶೆಡ್‌ಪುರದಲ್ಲಿ 1–5ರಿಂದ ಸೋತಿತ್ತು. +11 ಇದ್ದ ವ್ಯತ್ಯಾಸ ಒಂದೇ ಸಂಜೆಗೆ +7ಕ್ಕೆ ಇಳಿಯಿತು. ಗೋಲು ವ್ಯತ್ಯಾಸವನ್ನಷ್ಟೇ ನಂಬಿದವರಿಗೆ ಅದು ದೊಡ್ಡ ನಷ್ಟ. ಚೌಕದ ಪುಟ ಇಟ್ಟವರಿಗೆ ಮೊದಲ ಸ್ಥಾನಕ್ಕೆ ಅದು ಏನೂ ಮಾಡದು ಎಂದು ಗೊತ್ತಿತ್ತು.

ಅಂಕಪಟ್ಟಿ, ಮತ್ತು ಅದರ ತಾಳೆ

ಚೌಕದಿಂದ ಅಂಕಪಟ್ಟಿ ಇಳಿಸುವಾಗ ಒಂದು ತಂಡದ ಸಾಲನ್ನೂ ಕಂಬವನ್ನೂ ಎರಡನ್ನೂ ಓದಬೇಕು. ಸಾಲು ತವರಿನ 9 ಪಂದ್ಯ, ಕಂಬ ಹೊರಗಿನ 9. 2018–19ರ ಕೊನೆಯ ಪಟ್ಟಿ ಹೀಗಿತ್ತು (ಗೆಲುವು–ಡ್ರಾ–ಸೋಲು, ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲು, ಅಂಕ):

ಬೆಂಗಳೂರು: 10–4–4, 29–22, 34
ಗೋವಾ: 10–4–4, 36–20, 34
ಮುಂಬೈ ಸಿಟಿ: 9–3–6, 25–20, 30
ನಾರ್ತ್‌ಈಸ್ಟ್ ಯುನೈಟೆಡ್: 7–8–3, 22–18, 29
ಜಮ್‌ಶೆಡ್‌ಪುರ: 6–9–3, 29–21, 27
ಎಟಿಕೆ: 6–6–6, 18–22, 24
ಪುಣೆ ಸಿಟಿ: 6–4–8, 24–30, 22
ಡೆಲ್ಲಿ ಡೈನಮೋಸ್: 4–6–8, 23–27, 18
ಕೇರಳ ಬ್ಲಾಸ್ಟರ್ಸ್: 2–9–7, 18–28, 15
ಚೆನ್ನೈಯಿನ್: 2–3–13, 16–32, 9

ಈಗ ಕೂಡಿಸಿ. ಗೆಲುವುಗಳ ಮೊತ್ತ 62, ಸೋಲುಗಳ ಮೊತ್ತವೂ 62. ಇವು ಸಮ ಬರದಿದ್ದರೆ ಒಂದು ಪಂದ್ಯವನ್ನು ಒಬ್ಬರ ಖಾತೆಗೆ ಮಾತ್ರ ಹಾಕಿದ್ದೀರಿ. ಡ್ರಾಗಳ ಮೊತ್ತ 56. ಅದು ಸಮಸಂಖ್ಯೆಯೇ ಆಗಿರಬೇಕು, ಅರ್ಧ ಮಾಡಿದರೆ 28 ಪಂದ್ಯ. 62ಕ್ಕೆ 28 ಸೇರಿಸಿದರೆ 90, ಮೂಲೆಯಲ್ಲಿ ಬರೆದ ಸಂಖ್ಯೆ. ಅಂಕಗಳ ಮೊತ್ತ: ಫಲಿತಾಂಶ ಬಂದ ಪಂದ್ಯಕ್ಕೆ 3, ಡ್ರಾಗೆ ಇಬ್ಬರಿಗೂ ಸೇರಿ 2ರಂತೆ 186 ಮತ್ತು 56, ಒಟ್ಟು 242. ಹೊಡೆದ ಗೋಲು 240, ಬಿಟ್ಟುಕೊಟ್ಟದ್ದೂ 240.

ಈ ತಾಳೆಗೆ ಸಿಗದ ತಪ್ಪು ಒಂದಿದೆ. 1–2 ಎಂಬುದನ್ನು 2–1 ಎಂದು ತಿರುಗಿಸಿ ಬರೆದಿದ್ದರೆ ಒಂದು ಗೆಲುವು, ಒಂದು ಸೋಲು ಜಾಗ ಬದಲಿಸುತ್ತವೆ ಅಷ್ಟೇ. ಎಲ್ಲ ಮೊತ್ತಗಳೂ ಸರಿಯಾಗಿಯೇ ಕಾಣುತ್ತವೆ. ಆದ್ದರಿಂದ ಪ್ರತಿ ಸುತ್ತಿನ ನಂತರ ಲೀಗ್‌ನ ಅಧಿಕೃತ ಪಟ್ಟಿಯೊಂದಿಗೆ ಅಂಕಗಳನ್ನು ಹೋಲಿಸಿ. ಎರಡು ತಂಡಗಳ ಲೆಕ್ಕ ಒಂದು ಕಡೆ 3 ಹೆಚ್ಚು, ಇನ್ನೊಂದು ಕಡೆ 3 ಕಡಿಮೆ ಬಂದರೆ ಅವರಿಬ್ಬರ ಮನೆಗೆ ನೇರ ಹೋಗಿ. ತವರು–ಹೊರಗು ಅದಲುಬದಲಾಗಿ ಬೇರೆ ಮನೆಗೆ ಬಿದ್ದ ಫಲಿತಾಂಶವಂತೂ ಎರಡನೇ ಪಂದ್ಯ ಬಂದು "ಮನೆ ಆಗಲೇ ತುಂಬಿದೆಯಲ್ಲ" ಎನ್ನುವವರೆಗೆ ಬಯಲಾಗುವುದಿಲ್ಲ. ಅದಕ್ಕೇ ಚೌಕದಲ್ಲಿ ಬರೆದ ತಕ್ಷಣ ದಿನಾಂಕವನ್ನೂ ಸಣ್ಣದಾಗಿ ಹಾಕಿ.

ಒಂದು ಕಂಬ ಹೆಚ್ಚಿಗೆ ಎಳೆಯಲೇಬೇಕು: ಕೈಬಿಟ್ಟ ಅಂಕ. ಡ್ರಾಗೆ 2, ಸೋಲಿಗೆ 3. ಸೀಸನ್ನಿನ ನಡುವೆ ಒಬ್ಬರು 12, ಇನ್ನೊಬ್ಬರು 10 ಪಂದ್ಯ ಆಡಿರುವಾಗ ಗಳಿಸಿದ ಅಂಕ ದಾರಿ ತಪ್ಪಿಸುತ್ತದೆ, ಕೈಬಿಟ್ಟ ಅಂಕ ತಪ್ಪಿಸುವುದಿಲ್ಲ. ಜಮ್‌ಶೆಡ್‌ಪುರದ ಸಾಲನ್ನೇ ನೋಡಿ. ಸೋತದ್ದು ಮೂರೇ ಪಂದ್ಯ, ಅಗ್ರಸ್ಥಾನದ ಬೆಂಗಳೂರಿಗಿಂತ ಒಂದು ಕಡಿಮೆ. ಗೋಲು ವ್ಯತ್ಯಾಸ +8, ಅದೂ ಬೆಂಗಳೂರಿಗಿಂತ ಮೇಲು. ಆದರೂ ಐದನೇ ಸ್ಥಾನ, ನಾಲ್ವರ ಪ್ಲೇ-ಆಫ್‌ನಿಂದ ಹೊರಗೆ. ಒಂಬತ್ತು ಡ್ರಾಗಳಲ್ಲಿ 18 ಅಂಕ ಸೋರಿಹೋಗಿತ್ತು. ಸೋಲಿನಲ್ಲಿ ಹೋದದ್ದು ಬರೀ 9.

ಮೂವರ ಅಂಕ ಸಮವಾದರೆ

2024–25ರಲ್ಲಿ ಬೆಂಗಳೂರು, ನಾರ್ತ್‌ಈಸ್ಟ್, ಜಮ್‌ಶೆಡ್‌ಪುರ ಮೂರೂ 38ರಲ್ಲಿ ನಿಂತವು. ಇಂಥ ಕಡೆ ಇಬ್ಬಿಬ್ಬರನ್ನು ಜೋಡಿ ಮಾಡಿ ಹೋಲಿಸಲು ಹೋಗಬೇಡಿ. ಒಬ್ಬರು ಇನ್ನೊಬ್ಬರಿಗಿಂತ, ಅವರು ಮತ್ತೊಬ್ಬರಿಗಿಂತ ಮೇಲೆ ಎಂದು ಸುತ್ತು ಹೊಡೆಯುವ ಸಾಧ್ಯತೆ ಇದೆ. ಚೌಕದಿಂದ ಆ ಮೂವರ ನಡುವಿನ ಆರು ಪಂದ್ಯಗಳನ್ನಷ್ಟೇ ಹೆಕ್ಕಿ ಪುಟ್ಟದೊಂದು ಅಂಕಪಟ್ಟಿ ಮಾಡಿ. ಅದರ ಕ್ರಮವೇ ನಿಜವಾದ ಕ್ರಮ. ಫೋನಿನ ಎಷ್ಟೋ ಆ್ಯಪ್‌ಗಳು ಸದಾ ಗೋಲು ವ್ಯತ್ಯಾಸದ ಮೇಲೇ ಜೋಡಿಸುತ್ತವೆ, ಅವುಗಳ ಜತೆ ನಿಮ್ಮ ಪುಟ ಹೊಂದದಿದ್ದರೆ ಗಾಬರಿಯಾಗಿ ತಿದ್ದಬೇಡಿ.

ಕೊನೆಯ ಸುತ್ತುಗಳ ಲೆಕ್ಕ

ಉಳಿದ ಪಂದ್ಯಗಳನ್ನು 3ರಿಂದ ಗುಣಿಸಿ ಈಗಿನ ಅಂಕಕ್ಕೆ ಸೇರಿಸಿದರೆ ಒಂದು ತಂಡ ಮುಟ್ಟಬಹುದಾದ ಗರಿಷ್ಠ ಅಂಕ ಸಿಗುತ್ತದೆ. ನಾಲ್ವರ ಪ್ಲೇ-ಆಫ್ ಇದ್ದಾಗ ಐದನೇ ತಂಡದ ಗರಿಷ್ಠ ನಾಲ್ಕನೇ ತಂಡದ ಈಗಿನ ಅಂಕಕ್ಕಿಂತ ಕಡಿಮೆಯಿದ್ದರೆ ಬಾಗಿಲು ಮುಚ್ಚಿತು. ಸಮ ಆಗಬಹುದಾದರೆ ಇನ್ನೂ ಮುಚ್ಚಿಲ್ಲ, ಮುಖಾಮುಖಿ ಮನೆಗಳನ್ನು ನೋಡಿ. ಐದನೆಯದನ್ನು ಮಾತ್ರ ನೋಡಿ ನಿಲ್ಲಿಸಬೇಡಿ. ಕಡಿಮೆ ಪಂದ್ಯ ಆಡಿರುವ ಆರನೇ, ಏಳನೇ ತಂಡದ ಗರಿಷ್ಠವೂ ಹೆಚ್ಚಿರಬಹುದು.

ಈ ಲೆಕ್ಕ ಎಷ್ಟು ನೇರ ಎಂಬುದಕ್ಕೆ 2020–21ರ ಕೊನೆಯ ದಿನ ಸಾಕು. ಎಟಿಕೆ ಮೋಹನ್ ಬಾಗನ್ 40, ಮುಂಬೈ ಸಿಟಿ 37, ಉಳಿದದ್ದು ಅವರಿಬ್ಬರದೇ ಪಂದ್ಯ. ಗೆದ್ದರೂ ಮುಂಬೈ ಸಮ ಆಗುತ್ತದೆ, ಮುಂದೆ ಹೋಗುವುದಿಲ್ಲ. ಆದರೆ ಮೊದಲ ಮುಖಾಮುಖಿಯನ್ನು ಮುಂಬೈ 1–0ರಿಂದ ಗೆದ್ದಿತ್ತು. ಹಾಗಾಗಿ ಎಷ್ಟೇ ಗೋಲಿನ ಅಂತರವಿರಲಿ, ಗೆಲುವೊಂದೇ ಸಾಕಿತ್ತು. 2–0ರಿಂದ ಗೆದ್ದು, ಲೀಗ್ ಹಂತದ ಅಗ್ರಸ್ಥಾನಕ್ಕೆ ಸಿಗುವ ಲೀಗ್ ಶೀಲ್ಡ್ ಎತ್ತಿತು.

ಮೈದಾನದ ಆಚೆ ಬದಲಾಗುವ ಫಲಿತಾಂಶ

ಚೌಕದಲ್ಲಿ ಪೆನ್ನಿನಿಂದ ಬರೆದದ್ದನ್ನೂ ಕೆಲವೊಮ್ಮೆ ತಿದ್ದಬೇಕಾಗುತ್ತದೆ. 2024ರ ಮಾರ್ಚಿನಲ್ಲಿ ಮುಂಬೈ ಸಿಟಿ–ಜಮ್‌ಶೆಡ್‌ಪುರ ಪಂದ್ಯ 1–1 ಆಗಿತ್ತು. ಮೈದಾನದಲ್ಲಿ ಇರಲೇಬೇಕಾದ ಭಾರತೀಯ ಆಟಗಾರರ ಸಂಖ್ಯೆಯ ನಿಯಮವನ್ನು ಜಮ್‌ಶೆಡ್‌ಪುರ ಪಾಲಿಸಿರಲಿಲ್ಲ, ಫೆಡರೇಷನ್ನಿನ ಶಿಸ್ತು ಸಮಿತಿ ಪಂದ್ಯವನ್ನು 3–0 ಎಂದು ಮುಂಬೈಗೆ ಕೊಟ್ಟಿತು. ಕೊನೆಯ ದಿನ ಇಬ್ಬರೂ ಎದುರುಬದುರಾಗುವ ಮುಂಚೆ ಮುಂಬೈ 47, ಮೋಹನ್ ಬಾಗನ್ 45. ಆ ತೀರ್ಪು ಬರದಿದ್ದರೆ ಇಬ್ಬರೂ 45ರಲ್ಲಿ ಇರುತ್ತಿದ್ದರು. ಮುಂಬೈಗೆ ಡ್ರಾ ಸಾಕಿತ್ತು, ಮೋಹನ್ ಬಾಗನ್‌ಗೆ ಗೆಲುವು ಬೇಕೇಬೇಕಿತ್ತು, 2–1ರಿಂದ ಗೆದ್ದೂ ಬಿಟ್ಟಿತು. ಇಂಥ ಮನೆಯಲ್ಲಿ ಹಳೆಯ ಅಂಕಿಯನ್ನು ಒಂದೇ ಗೆರೆಯಿಂದ ಹೊಡೆದು, ಪಕ್ಕದಲ್ಲಿ ಹೊಸದನ್ನು ಬರೆದು, ಮೇಲೆ "ತೀ" ಎಂದು ಗುರುತಿಡಿ. ಹಳೆಯದನ್ನು ಅಳಿಸಬೇಡಿ. ಆ ಪಂದ್ಯದಲ್ಲಿ ಗೋಲು ಹೊಡೆದವರ ಲೆಕ್ಕ ಬರೆಯುವಾಗ ಬೇಕಾಗುತ್ತದೆ.

ಪ್ಲೇ-ಆಫ್

ಇದಕ್ಕೆ ಬೇರೆ ಪುಟ. ಲೀಗ್ ಅಂಕಪಟ್ಟಿಗೆ ಇಲ್ಲಿಯ ಗೋಲುಗಳನ್ನು ಸೇರಿಸಿದರೆ ಮೇಲಿನ ತಾಳೆಯೆಲ್ಲ ಕೆಟ್ಟುಹೋಗುತ್ತದೆ. 2018–19ರಲ್ಲಿ ಮೊದಲ ನಾಲ್ವರು ಎರಡು ಹಂತದ ಸೆಮಿಫೈನಲ್ ಆಡಿದರು. ಬೆಂಗಳೂರು ನಾರ್ತ್‌ಈಸ್ಟ್ ಎದುರು ಗುವಾಹಟಿಯಲ್ಲಿ 1–2ರಿಂದ ಸೋತು ಕಂಠೀರವದಲ್ಲಿ 3–0ರಿಂದ ಗೆದ್ದಿತು, ಒಟ್ಟು 4–2. ಗೋವಾ ಮುಂಬೈಯಲ್ಲಿ 5–1, ತವರಿನಲ್ಲಿ 0–1, ಒಟ್ಟು 5–2. 2022–23ರಿಂದ 2024–25ರವರೆಗೆ ಆರು ತಂಡ: ಮೊದಲಿಬ್ಬರು ನೇರ ಸೆಮಿಗೆ, ಮೂರನೆಯವರು ಆರನೆಯವರನ್ನು, ನಾಲ್ಕನೆಯವರು ಐದನೆಯವರನ್ನು ತಮ್ಮ ತವರಿನಲ್ಲಿ ಒಂದೇ ಪಂದ್ಯದಲ್ಲಿ ಎದುರಿಸಿದರು. ಹಾಗಾಗಿ ಆ ಸೀಸನ್ನುಗಳಿಗೆ ಎರಡಕ್ಕೂ ಮೂರಕ್ಕೂ ನಡುವಿನ ಗೆರೆ, ನಾಲ್ಕಕ್ಕೂ ಐದಕ್ಕೂ ನಡುವಿನ ಗೆರೆ, ಆರರ ಕೆಳಗಿನ ಗೆರೆ ಮೂರನ್ನೂ ಅಂಕಪಟ್ಟಿಯಲ್ಲಿ ದಪ್ಪಗೆ ಎಳೆಯಿರಿ.

ಹೆಚ್ಚುವರಿ ಸಮಯದ ಗೋಲು ಪಂದ್ಯದ ಗೋಲೇ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ರಾಹುಲ್ ಭೇಕೆ 117ನೇ ನಿಮಿಷದಲ್ಲಿ ಕಾರ್ನರ್‌ಗೆ ತಲೆಕೊಟ್ಟು ಹೊಡೆದದ್ದು "1–0, ಹೆಚ್ಚುವರಿ" ಎಂದು ದಾಖಲಾಗಬೇಕು. ಅದೇ ಬೆಂಗಳೂರಿನ ಮೊದಲ ಐಎಸ್‌ಎಲ್ ಕಪ್. ಶೂಟೌಟ್ ಹಾಗಲ್ಲ. 2023ರ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗನ್ ಬೆಂಗಳೂರನ್ನು ಶೂಟೌಟ್‌ನಲ್ಲಿ 4–3ರಿಂದ ಸೋಲಿಸಿದರೂ ಪಂದ್ಯದ ಅಂಕಿ 2–2, ಶೂಟೌಟ್ ಕಂಸದಲ್ಲಿ. ಆ ಒದೆತಗಳು ಯಾರ ಗೋಲಿನ ಲೆಕ್ಕಕ್ಕೂ ಸೇರುವುದಿಲ್ಲ.

ಮುಂದಿನ ಸೀಸನ್ನಿಗೆ ದಾಟಿಸುವಾಗ

ಹಳೆಯ ಚೌಕದ ಹೆಸರುಗಳನ್ನು ಹಾಗೇ ನಕಲು ಮಾಡಬೇಡಿ. 2018–19ರ ಹತ್ತರಲ್ಲಿ ಪುಣೆ ಸಿಟಿ ಆ ಸೀಸನ್ನಿನ ನಂತರ ಮುಚ್ಚಿತು, ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಡೆಲ್ಲಿ ಡೈನಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಎಟಿಕೆ 2020ರಲ್ಲಿ ಮೋಹನ್ ಬಾಗನ್ ಜತೆ ಸೇರಿ, 2023ರಿಂದ ಮೋಹನ್ ಬಾಗನ್ ಸೂಪರ್ ಜೈಂಟ್ ಎನಿಸಿಕೊಂಡಿತು. ಊರು ಬದಲಿಸಿದ ತಂಡಕ್ಕೆ ಬಾಣದ ಗುರುತು, ಮುಚ್ಚಿದ ತಂಡಕ್ಕೆ ಅಡ್ಡಗೆರೆ, ಹೊಸ ತಂಡಕ್ಕೆ ಚುಕ್ಕಿ ಹಾಕಿ. ಪುಣೆಯ ಹಳೆಯ ಪಂದ್ಯಗಳನ್ನು ಹೈದರಾಬಾದಿನ ಖಾತೆಗೆ ಬರೆಯಬೇಡಿ.